ಐಆರ್‌ಎಗೆ ಹಾಕಿದ ಹಣಕ್ಕೆ ಎರಡನೇ ಸಲ ತೆರಿಗೆ ಬೇಡ: ಹಳೆಯ ದಾಖಲೆ ಹುಡುಕಿ ತೆಗೆಯುವುದು ಹೀಗೆ

ಅಮೆರಿಕದಲ್ಲಿ ಹತ್ತಾರು ವರ್ಷ ದುಡಿದವರ ಟ್ರೆಡಿಷನಲ್ ಐಆರ್‌ಎ (ನಿವೃತ್ತಿಗೆಂದು ಸ್ವಂತವಾಗಿ ತೆರೆಯುವ ಉಳಿತಾಯ) ಖಾತೆಯಲ್ಲಿ ಎರಡು ಬಗೆಯ ಹಣ ಬೆರೆತಿರಬಹುದು. ಒಂದು, ತೆರಿಗೆ ವಿನಾಯಿತಿ ಪಡೆದು ಹಾಕಿದ್ದು. ಇನ್ನೊಂದು, ಕಂಪನಿಯ 401-ಕೆ ಎಂಬ ನಿವೃತ್ತಿ ಯೋಜನೆ ಇದ್ದು ಆದಾಯವೂ ಮಿತಿ ದಾಟಿದ್ದರಿಂದ ವಿನಾಯಿತಿ ಸಿಗದೆ, ತೆರಿಗೆ ಕಟ್ಟಿದ ಸಂಬಳದಿಂದಲೇ ಹಾಕಿದ್ದು. ಈ ಎರಡನೆಯದಕ್ಕೆ ಬೇಸಿಸ್ ಎನ್ನುತ್ತಾರೆ. ತೆಗೆಯುವಾಗ ಅದಕ್ಕೆ ಮತ್ತೆ ತೆರಿಗೆ ಇಲ್ಲ. ಆದರೆ ಅದರ ಲೆಕ್ಕ ಇಡುವ ಹೊಣೆ ಖಾತೆ ನಡೆಸುವ ಸಂಸ್ಥೆಯದಲ್ಲ, ನಿಮ್ಮದು. ಫಾರ್ಮ್ 8606 ಇರುವುದೇ ಅದಕ್ಕಾಗಿ. ಎಷ್ಟೋ ಮಂದಿ ಹಣ ಹಾಕಿದ ವರ್ಷ ಆ ಫಾರ್ಮ್ ಸಲ್ಲಿಸಿರುವುದಿಲ್ಲ. ರಾತ್ ಐಆರ್‌ಎಗೆ (ಈಗ ತೆರಿಗೆ ಕಟ್ಟಿ, ನಿವೃತ್ತಿಯಲ್ಲಿ ತೆರಿಗೆಯಿಲ್ಲದೆ ತೆಗೆಯುವ ಖಾತೆ) ಬದಲಿಸಲು ಹೊರಟಾಗ ತಪ್ಪು ಹೊರಬೀಳುತ್ತದೆ. ಗಾಬರಿ ಬೇಡ, ಇದು ಸರಿಪಡಿಸಬಹುದಾದ ತಪ್ಪು.

ಮೊದಲು ತಿಳಿಯಬೇಕಾದದ್ದು: ಬೇಕಿರುವುದು ಎರಡು ಪುರಾವೆ. ಹಣ ಹಾಕಿದ್ದೀರಿ ಎಂಬುದಕ್ಕೆ ಒಂದು, ಆ ಹಣಕ್ಕೆ ವಿನಾಯಿತಿ ಪಡೆದಿಲ್ಲ ಎಂಬುದಕ್ಕೆ ಇನ್ನೊಂದು. ಮೊದಲನೆಯದು ಸಿಕ್ಕ ಕೂಡಲೇ ಹುಡುಕಾಟ ನಿಲ್ಲಿಸುವವರೇ ಹೆಚ್ಚು.

ಹಾಕಿದ್ದಕ್ಕೆ ಪುರಾವೆ ಫಾರ್ಮ್ 5498. ಖಾತೆ ನಡೆಸುವ ಸಂಸ್ಥೆ ಅದನ್ನು ಮರುವರ್ಷದ ಮೇ ಹೊತ್ತಿಗೆ ಕಳಿಸುತ್ತದೆ. ಬಾಕ್ಸ್ 1ರಲ್ಲಿ ಇರುವುದು ಆ ತೆರಿಗೆ ವರ್ಷಕ್ಕೆಂದು ಹಾಕಿದ ಮೊತ್ತ. 2011ರ ಏಪ್ರಿಲ್‌ನಲ್ಲಿ 2010ಕ್ಕೆಂದು ಹಾಕಿದ 5,000 ಡಾಲರ್ 2010ರ 5498ರಲ್ಲಿ ಕಾಣುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟಿನ ತಾರೀಕು ನೋಡಿ ವರ್ಷ ನಿರ್ಧರಿಸಿದರೆ ಇಲ್ಲೇ ಎಡವುತ್ತೀರಿ. ಬಾಕ್ಸ್ 2ರಲ್ಲಿರುವುದು ರೋಲ್‌ಓವರ್, ಅಂದರೆ ಬೇರೆ ನಿವೃತ್ತಿ ಖಾತೆಯಿಂದ ವರ್ಗವಾದ ಹಣ. ಹಳೆ 401-ಕೆಯಿಂದ ಬಂದ, ತೆರಿಗೆ ಕಟ್ಟದ ಹಣವನ್ನು ಬೇಸಿಸ್‌ಗೆ ಸೇರಿಸಬೇಡಿ.

5498 ಕಳೆದುಹೋಗಿದ್ದರೆ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ನ ವೆಬ್‌ಸೈಟಿನ ನಿಮ್ಮ ಖಾತೆಗೆ ಹೋಗಿ 'ವೇಜ್ ಅಂಡ್ ಇನ್‌ಕಮ್ ಟ್ರಾನ್ಸ್‌ಕ್ರಿಪ್ಟ್' ಇಳಿಸಿಕೊಳ್ಳಿ. ಸುಮಾರು ಹತ್ತು ವರ್ಷದ್ದು ಉಚಿತವಾಗಿ ಸಿಗುತ್ತದೆ. ಡಬ್ಲ್ಯು-2 (ಕಂಪನಿ ಕೊಡುವ ವರ್ಷದ ಸಂಬಳ-ತೆರಿಗೆ ಪತ್ರ) ಜೊತೆ 5498ರ ವಿವರವೂ ಅದರಲ್ಲಿರುತ್ತದೆ. ಊರಿಗೆ ಮರಳಿದ್ದು ಆನ್‌ಲೈನ್ ಗುರುತಿನ ಪರಿಶೀಲನೆ ಆಗುತ್ತಿಲ್ಲವೆಂದರೆ ಫಾರ್ಮ್ 4506-ಟಿ ತುಂಬಿ ಅಂಚೆಯಲ್ಲಿ ಕಳಿಸಿ. ಅದಕ್ಕೂ ಹಿಂದಿನ ವರ್ಷಗಳಿಗೆ ಖಾತೆ ನಡೆಸುವ ಸಂಸ್ಥೆಯನ್ನು ಕೇಳಿ. ಕೇಳುವಾಗ 'ಸ್ಟೇಟ್‌ಮೆಂಟ್' ಎನ್ನದೆ 'ತೆರಿಗೆ ವರ್ಷವಾರು ಕಾಂಟ್ರಿಬ್ಯೂಷನ್ ಹಿಸ್ಟರಿ' ಎಂದೇ ಕೇಳಿ.

ವಿನಾಯಿತಿ ಪಡೆದಿಲ್ಲ ಎಂಬುದಕ್ಕೆ ಪುರಾವೆ ಆ ವರ್ಷದ ಫಾರ್ಮ್ 1040, ಅಂದರೆ ನೀವು ಸಲ್ಲಿಸಿದ ಆದಾಯ ತೆರಿಗೆ ರಿಟರ್ನ್. 2009ರಿಂದ 2017ರವರೆಗಿನ ರಿಟರ್ನ್‌ನಲ್ಲಿ ಮೊದಲ ಪುಟದ 32ನೇ ಸಾಲು (ಐಆರ್‌ಎ ವಿನಾಯಿತಿ) ನೋಡಿ. ಮುಂದೆ ಇದು 1040ರ ಜೊತೆ ಲಗತ್ತಿಸುವ ಶೆಡ್ಯೂಲ್ 1ಕ್ಕೆ ಹೋಯಿತು: 2018ರಲ್ಲಿ 32, 2019 ಮತ್ತು 2020ರಲ್ಲಿ 19, 2021ರಿಂದ 20. ಅಲ್ಲಿ ಖಾಲಿ ಇದ್ದರೆ ವಿನಾಯಿತಿ ಪಡೆದಿಲ್ಲ. ಹಾಕಿದ್ದು 5,000, ಅಲ್ಲಿರುವುದು 2,000 ಎಂದಾದರೆ ಬೇಸಿಸ್ 3,000 ಮಾತ್ರ.

ಈ ಪುಟ ಸಿಗುವುದೇ ಕಷ್ಟ. 'ರಿಟರ್ನ್ ಟ್ರಾನ್ಸ್‌ಕ್ರಿಪ್ಟ್' (ರಿಟರ್ನಿನ ಸಾಲುಗಳ ಪಟ್ಟಿ) ಈ ವರ್ಷ ಮತ್ತು ಹಿಂದಿನ ಮೂರು ವರ್ಷದ್ದು ಮಾತ್ರ ಬರುತ್ತದೆ. ಪೂರ್ಣ ಪ್ರತಿಗೆ ಫಾರ್ಮ್ 4506. ಪ್ರತಿ ರಿಟರ್ನ್‌ಗೆ 30 ಡಾಲರ್, ಕೈಗೆ ಬರಲು 75 ದಿನದವರೆಗೆ ಹಿಡಿಯಬಹುದು. ಸಾಮಾನ್ಯವಾಗಿ ಏಳು ವರ್ಷ ದಾಟಿದ 1040 ಐಆರ್‌ಎಸ್‌ನಲ್ಲೂ ಉಳಿದಿರುವುದಿಲ್ಲ. ಹಾಗಾಗಿ ಹಣ ಕಟ್ಟುವ ಮೊದಲು ಹಳೆಯ ಇಮೇಲ್, ಟ್ಯಾಕ್ಸ್ ಸಾಫ್ಟ್‌ವೇರ್ ಖಾತೆ, ಗೃಹಸಾಲಕ್ಕೆಂದು ಕೊಟ್ಟ ಪ್ರತಿಗಳನ್ನು ಜಾಲಾಡಿ. ಏನೂ ಸಿಗದಿದ್ದರೆ ಡಬ್ಲ್ಯು-2ರ ಬಾಕ್ಸ್ 13ರಲ್ಲಿ 'ರಿಟೈರ್ಮೆಂಟ್ ಪ್ಲಾನ್' ಗುರುತು ಇರುವುದೂ ಸಂಬಳ ಮಿತಿ ಮೀರಿದ್ದೂ ನಿಮ್ಮ ಮಾತಿಗೆ ಬಲ ಕೊಡುತ್ತವೆ. ಆದರೆ ಅದು ಪೂರಕ ಸಾಕ್ಷಿ, 1040ರ ಬದಲಿಯಲ್ಲ.

ಪುರಾವೆ ಕೂಡಿದ ಮೇಲೆ ತಪ್ಪಿಹೋದ ಪ್ರತಿ ವರ್ಷಕ್ಕೂ ಆಯಾ ವರ್ಷದ್ದೇ 8606 ತುಂಬಿ. 1ನೇ ಸಾಲಿನಲ್ಲಿ ಆ ವರ್ಷ ವಿನಾಯಿತಿ ಪಡೆಯದೆ ಹಾಕಿದ ಮೊತ್ತ, 14ರಲ್ಲಿ ಉಳಿದ ಬೇಸಿಸ್. ಅದೇ ಮುಂದಿನ ಫಾರ್ಮ್‌ನ 2ನೇ ಸಾಲಿಗೆ ಹೋಗುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೂ ಮುಂದಿನದೆಲ್ಲ ತಪ್ಪು. ರಿಟರ್ನ್ ಇಲ್ಲದೆ ಫಾರ್ಮ್ ಒಂದನ್ನೇ ಕಳಿಸುವಾಗ 2ನೇ ಪುಟದಲ್ಲಿ ಸಹಿ ಕಡ್ಡಾಯ. ಸಲ್ಲಿಸದ ಪ್ರತಿ ಫಾರ್ಮ್‌ಗೆ 50 ಡಾಲರ್ ದಂಡವಿದೆ. ಒಪ್ಪುವಂಥ ಕಾರಣವಿದ್ದರೆ ಬಿಡುತ್ತಾರೆ. ಆದ್ದರಿಂದ ಚಿಕ್ಕ ವಿವರಣೆ ಪತ್ರ ಲಗತ್ತಿಸಿ, ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಗಂಡ ಹೆಂಡತಿ ಜಂಟಿ ರಿಟರ್ನ್ ಸಲ್ಲಿಸಿದರೂ 8606 ಇಬ್ಬರಿಗೂ ಬೇರೆ ಬೇರೆ.

ಶ್ರಮಕ್ಕೆ ಸಿಗುವುದೇನು? 2009, 2010, 2011ರಲ್ಲಿ ತಲಾ 5,000 ಹಾಕಿದವರ ಬೇಸಿಸ್ 15,000. ಈಗ 20,000ವನ್ನು ರಾತ್‌ಗೆ ಬದಲಿಸಿ, ವರ್ಷದ ಕೊನೆಗೆ ಟ್ರೆಡಿಷನಲ್ ಐಆರ್‌ಎ ಮತ್ತು ಉದ್ಯೋಗದ ಮೂಲಕ ತೆರೆಯುವ ಸೆಪ್, ಸಿಂಪಲ್ ಐಆರ್‌ಎಗಳಲ್ಲಿ ಒಟ್ಟು 40,000 ಉಳಿದಿದೆ ಎನ್ನಿ. 60,000ಕ್ಕೆ 15,000 ಎಂದರೆ ಕಾಲು ಭಾಗ. ಬದಲಿಸಿದ್ದರಲ್ಲಿ 5,000ಕ್ಕೆ ತೆರಿಗೆ ಇಲ್ಲ, 10,000 ಬೇಸಿಸ್ ಮುಂದಕ್ಕೆ ಉಳಿಯುತ್ತದೆ. ಬೇಸಿಸ್ ಹಣ ಮಾತ್ರ ಆರಿಸಿ ತೆಗೆಯಲು ಬರುವುದಿಲ್ಲ. ಐಆರ್‌ಎಯನ್ನು ನಾಲ್ಕು ಕಡೆ ಇಟ್ಟಿದ್ದರೂ ಒಂದೇ ಎಂದು ಎಣಿಸುತ್ತಾರೆ.

ನ್ಯೂಜೆರ್ಸಿಯಲ್ಲಿ ಇರುವವರು ರಾಜ್ಯಕ್ಕೆ ಬೇರೆಯದೇ ಲೆಕ್ಕ ಇಡಬೇಕು. ಆ ರಾಜ್ಯ ಐಆರ್‌ಎಗೆ ಹಾಕಿದ ಹಣಕ್ಕೆ ವಿನಾಯಿತಿ ಕೊಡುವುದಿಲ್ಲ. ಕೇಂದ್ರದ ತೆರಿಗೆಯಲ್ಲಿ ವಿನಾಯಿತಿ ಪಡೆದ ವರ್ಷಗಳ 5498 ಕೂಡ ಅಲ್ಲಿ ಬೇಕಾಗುತ್ತದೆ, ಅವನ್ನೂ ಇದೇ ಕಡತದಲ್ಲಿ ಇಟ್ಟುಕೊಳ್ಳಿ.