ಚಿತ್ರಕ್ಕಿಂತ ಮೊದಲು ಕಾಗದ

ನನ್ನಂಥ ಡ್ರಾಯಿಂಗ್ ಮೇಷ್ಟ್ರು ರಿಟೈರ್ ಆದರೂ ಬೇಸಿಗೆ ರಜೆಯಲ್ಲಿ ಓಣಿಯವರು ಬಿಡೋದಿಲ್ಲ. ತಾಯಂದಿರು ಮಕ್ಕಳ ಕೈ ಹಿಡಿದುಕೊಂಡು ಬಂದು ನಿಲ್ಲುತ್ತಾರೆ. “ಸರ್, ಮೊಬೈಲ್ ಬಿಡವಲ್ರು, ಏನಾರ ಕಲಸ್ರಿ.” ಕಾಗದ ಕೊಟ್ಟರೆ ಯಾವ ಮಗುವಾದರೂ ಬರೆಯೋದು ಅದೇ ಚಿತ್ರ. ಎರಡು ಗುಡ್ಡ, ನಡುವೆ ಸೂರ್ಯ, ಒಂದು ಹೊಳೆ, ಒಂದು ಗುಡಿಸಲು. ಕಲಬುರಗಿಯ ಸುತ್ತ ಎತ್ತ ನೋಡಿದರೂ ತೊಗರಿ ಹೊಲದ ಬಯಲು. ಆ ಗುಡ್ಡಗಳು ಎಲ್ಲಿಂದ ಬರುತ್ತವೋ ದೇವರೇ ಬಲ್ಲ. ಅದರ ನಂತರ ಶುರುವಾಗೋದು ರಬ್ಬರ್. ಗೆರೆ ಹಾಕು, ಅಳಿಸು, ಮತ್ತೆ ಹಾಕು, ಕಾಗದ ಹರಿಯೋ ತನಕ ಅಳಿಸು.

ಮಕ್ಕಳಿಗೆ ಕಲಿಸುವ ನಮ್ಮ ಮನೆಯ ಮಾಳಿಗೆಯಲ್ಲಿ ಈ ರಬ್ಬರ್ ಮಾಯವಾಗಿದ್ದು ಹೇಗೆ ಅನ್ನೋದನ್ನ ಬರೀತೀನಿ. ಅದಕ್ಕೆ ಕಾರಣ ದೂರದ ಒಂದು ಮ್ಯೂಸಿಯಂ.

ಮಗಳು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿದ್ದಾಳೆ. ಅವಳ ಮನೆಗೆ ಹೋದಾಗ ಮೊಮ್ಮಗನ ನೆಪದಲ್ಲಿ ಆಮ್‌ಹರ್ಸ್ಟ್ ಎಂಬ ಚಿಕ್ಕ ಊರಿಗೆ ಕರೆದುಕೊಂಡು ಹೋದಳು. ಅಲ್ಲಿರೋದು ಎರಿಕ್ ಕಾರ್ಲ್ ಮ್ಯೂಸಿಯಂ ಆಫ್ ಪಿಕ್ಚರ್ ಬುಕ್ ಆರ್ಟ್. ಮಕ್ಕಳ ಪುಸ್ತಕಗಳಿಗೆ ಬರೆದ ಚಿತ್ರಗಳಿಗಾಗಿಯೇ ಇರುವ ಮ್ಯೂಸಿಯಂ. ಕಾರ್ಲ್ ಮತ್ತು ಅವರ ಹೆಂಡತಿ ಬಾರ್ಬರಾ ಸೇರಿ ಕಟ್ಟಿಸಿದ್ದು, 2002ರಲ್ಲಿ ಬಾಗಿಲು ತೆರೆಯಿತು. ಮೊದಲು ಅದು ಸೇಬಿನ ತೋಟವಾಗಿತ್ತಂತೆ. ಕಾರ್ಲ್ ಅವರ ಚಿತ್ರಗಳಷ್ಟೇ ಅಲ್ಲ, ಬೇರೆ ಬೇರೆ ಕಲಾವಿದರ ಕೆಲಸವನ್ನೂ ಸರದಿಯ ಮೇಲೆ ಹಾಕುತ್ತಾರೆ.

ಕಾರ್ಲ್ ಯಾರು ಅಂದರೆ, ಎಲೆ ಹಣ್ಣು ತಿನ್ನುತ್ತಾ ಪುಟಪುಟಕ್ಕೂ ತೂತು ಮಾಡಿಕೊಂಡು ಹೋಗುವ ಕಂಬಳಿಹುಳದ ಪುಸ್ತಕ ಮಾಡಿದವರು. ಅದು ಬಂದದ್ದು 1969ರಲ್ಲಿ. ಹುಟ್ಟಿದ್ದು 1929ರಲ್ಲಿ ಅಮೆರಿಕದಲ್ಲೇ ಆದರೂ ಬೆಳೆದದ್ದು ಜರ್ಮನಿಯಲ್ಲಿ, ಯುದ್ಧದ ಕಾಲದಲ್ಲಿ. ಹಿಟ್ಲರನ ಸರ್ಕಾರ ಆಧುನಿಕ ಚಿತ್ರಗಳನ್ನು ನಿಷೇಧಿಸಿದ್ದ ದಿನಗಳವು. ಅವರ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಹುಡುಗನನ್ನು ಮನೆಗೆ ಕರೆದು, ಬಚ್ಚಿಟ್ಟಿದ್ದ ಚಿತ್ರಗಳನ್ನು ತೋರಿಸಿದರಂತೆ. ಅದರಲ್ಲಿ ನೀಲಿ ಕುದುರೆ ಬರೆದ ಫ್ರಾಂಜ್ ಮಾರ್ಕ್ ಕೂಡ ಇದ್ದರು. ಕುದುರೆ ನೀಲಿ ಇರಬಹುದು ಅಂತ ಆ ಹುಡುಗನಿಗೆ ಗೊತ್ತಾಗಿದ್ದು ಆವತ್ತು. ಅಂಥ ಕಾಲದಲ್ಲಿ ಅಷ್ಟು ಧೈರ್ಯ ಮಾಡಿದ ಮೇಷ್ಟ್ರ ಬಗ್ಗೆ ನನಗೆ ಕಾರ್ಲ್ ಅವರಿಗಿಂತ ಒಂದು ತೂಕ ಜಾಸ್ತಿ ಅಭಿಮಾನ. ಜಾತಿಗೆ ಜಾತಿ, ಅಲ್ವಾ!

1952ರಲ್ಲಿ ಕಾರ್ಲ್ 40 ಡಾಲರ್ ಇಟ್ಟುಕೊಂಡು ನ್ಯೂಯಾರ್ಕ್‌ಗೆ ವಾಪಸು ಬಂದರು. ಪತ್ರಿಕೆಯಲ್ಲಿ, ಆಮೇಲೆ ಜಾಹೀರಾತು ಕಂಪನಿಯಲ್ಲಿ ದುಡಿದರು. ಪುಸ್ತಕದ ಚಿತ್ರ ಶುರುವಾಗಿದ್ದು ಮೂವತ್ತೈದು ದಾಟಿದ ಮೇಲೆ. 2021ರಲ್ಲಿ ತೀರಿಕೊಂಡರು.

ಇನ್ನು ಆ ಮ್ಯೂಸಿಯಂನಲ್ಲಿ ನಾನು ನೋಡಿದ್ದೇನು? ಗ್ಯಾಲರಿಯಲ್ಲಿ ಬೆಳಕು ಕಮ್ಮಿ. ಬಣ್ಣದ ಕಾಗದ ಬೆಳಕಿಗೆ ಮಾಸುತ್ತೆ, ಅದಕ್ಕೇ ಹಾಗೆ. ಚಿತ್ರದ ಹತ್ತಿರ ಮೂಗು ತಾಗಿಸುವಷ್ಟು ಬಗ್ಗಿ ನೋಡಿದರೆ, ಅಂಟಿಸಿದ ಕಾಗದದ ಅಂಚು ಕಾಣುತ್ತೆ. ಒಂದರ ಮೇಲೊಂದು ತೆಳು ಕಾಗದ ಕೂತ ಕಡೆ ಬಣ್ಣ ಗಾಢವಾಗಿದೆ. ಅಲ್ಲಲ್ಲಿ ಸುಕ್ಕು. ಕತ್ತರಿ ಸ್ವಲ್ಪ ಆಚೆ ಹೋದದ್ದೂ ಗೊತ್ತಾಗುತ್ತೆ. ಹುಳದ ಕೂದಲಿಗೆ ಮೇಲಿಂದ ಕ್ರೇಯಾನ್ ಎಳೆದಿದ್ದಾರೆ. ಪುಸ್ತಕದಲ್ಲಿ ಅಚ್ಚಾದಾಗ ಇದೆಲ್ಲ ನುಣ್ಣಗಾಗಿ, ಮನುಷ್ಯ ಮಾಡಿದ್ದೇ ಅಲ್ಲ ಅನ್ನಿಸುತ್ತೆ. ಮೂಲ ಚಿತ್ರದ ಮುಂದೆ ನಿಂತರೆ, ಓಹೋ, ಹರಿದು ಅಂಟಿಸಿದ್ದು, ನಾನೂ ಮಾಡಬಹುದು ಅನ್ನೋ ಧೈರ್ಯ ಬರುತ್ತೆ. ನನ್ನ ಮೊಮ್ಮಗ ಅದನ್ನೇ ಜೋರಾಗಿ ಹೇಳಿದ. ಚಿತ್ರಗಾರರ ಮ್ಯೂಸಿಯಂಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಕಾದ್ದು ಇದಕ್ಕೇ ಅಂತ ನನ್ನ ಅಭಿಪ್ರಾಯ. ದೊಡ್ಡವರ ದೊಡ್ಡತನ ನೋಡಲಿಕ್ಕಲ್ಲ, ಅವರ ತೇಪೆ ನೋಡಲಿಕ್ಕೆ.

ಅಲ್ಲೇ ಒಂದು ಕೆಲಸದ ಕೋಣೆಯೂ ಇದೆ. ದೊಡ್ಡ ಮೇಜು, ತಟ್ಟೆಗಳಲ್ಲಿ ಕಾಗದದ ಚೂರು, ಅಂಟು, ಕತ್ತರಿ. ಯಾರು ಬೇಕಾದರೂ ಕೂತು ಮಾಡಬಹುದು. ಹೀಗೇ ಮಾಡಿ ಅಂತ ಯಾರೂ ಹೇಳೋದಿಲ್ಲ. ನೋಡಿ ನಕಲು ಮಾಡಲಿಕ್ಕೆ ಮಾದರಿಯನ್ನೂ ಇಟ್ಟಿರಲಿಲ್ಲ. ಬೋರ್ಡಿನ ಮೇಲೆ ಮಾದರಿ ಬರೆದು ‘ಹೀಗೆ ತೆಗೀರಿ’ ಅಂದವನು ನಾನು. ನನಗಂತೂ ಕೈ ಕಟ್ಟಿದ ಹಾಗಾಯಿತು.

ಕಾರ್ಲ್ ಅವರ ವಿಧಾನ ಇಷ್ಟೇ. ಶುರುವಿನಲ್ಲಿ ಅಂಗಡಿಯ ಬಣ್ಣದ ಟಿಶ್ಯೂ ಕಾಗದವನ್ನೇ (ಕೈ ಒರೆಸುವುದಲ್ಲ, ತೆಳು ಹಾಳೆ) ಕತ್ತರಿಸುತ್ತಿದ್ದರು. ಆ ಬಣ್ಣ ಬೇಗ ಮಾಸುತ್ತಿತ್ತು. ಆಮೇಲೆ ಬಿಳಿ ಟಿಶ್ಯೂ ಕಾಗದಕ್ಕೆ ತಾವೇ ಅಕ್ರಿಲಿಕ್ ಬಣ್ಣ ಬಳಿಯಲು ಶುರು ಮಾಡಿದರು. ಬ್ರಷ್, ಸ್ಪಂಜು, ಕಾರ್ಪೆಟ್ ತುಂಡು, ಬೆರಳು, ಕೈಗೆ ಸಿಕ್ಕಿದ್ದರಲ್ಲಿ. ಆಗ ಚಿತ್ರ ಏನು ಅನ್ನೋ ಯೋಚನೆಯೇ ಇಲ್ಲ. ಒಣಗಿದ ಕಾಗದಗಳನ್ನು ಬಣ್ಣದ ಪ್ರಕಾರ ಡ್ರಾಯರ್‌ಗಳಲ್ಲಿ ಜೋಡಿಸಿಡೋದು. ಮುಂದೆ ಯಾವತ್ತೋ ಹುಳ ಬೇಕಾದಾಗ ಹಸಿರಿನ ಡ್ರಾಯರ್ ತೆಗೆದು ಕತ್ತರಿಸೋದು. ಅಂದರೆ ಮೊದಲು ಕಾಗದ, ಆಮೇಲೆ ಚಿತ್ರ.

ಊರಿಗೆ ಬಂದ ಮೇಲೆ ಇದನ್ನೇ ಹಿಡಿದೆ.

ಅದಕ್ಕೂ ಮೊದಲು ಮಕ್ಕಳಿಗೆ ನಮ್ಮೂರಿನ ಚಿತ್ರಗಾರರ ಪರಿಚಯ ಆಗಬೇಕಿತ್ತು. ಕಲಬುರಗಿಯಲ್ಲಿ ಡಾ. ಎಸ್.ಎಂ. ಪಂಡಿತ ರಂಗಮಂದಿರ ಗೊತ್ತಿಲ್ಲದವರಿಲ್ಲ. ಸನ್ಮಾನ, ನಾಟಕ, ಶಾಲೆಯ ಗ್ಯಾದರಿಂಗ್ ಎಲ್ಲ ಅಲ್ಲೇ. ಆದರೆ ಪಂಡಿತ ಯಾರು ಅಂತ ಕೇಳಿದರೆ ಮಕ್ಕಳು “ಸ್ವಾಮಿಗೋಳು ಇರಬೇಕ್ರಿ” ಅಂದರು. ದೊಡ್ಡವರಲ್ಲೂ ಬಹಳ ಜನಕ್ಕೆ ಗೊತ್ತಿಲ್ಲ, ಬಿಡಿ. ಸಂಬಾನಂದ ಮೋನಪ್ಪ ಪಂಡಿತರು 1916ರಲ್ಲಿ ಇದೇ ಊರಲ್ಲಿ ಹುಟ್ಟಿದವರು, 1993ರಲ್ಲಿ ಹೋದರು. ಮುಂಬಯಿಗೆ ಹೋಗಿ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಹಿಂದಿ ಸಿನಿಮಾ ಪೋಸ್ಟರ್‌ಗಳು, ಸಿನಿಮಾ ಪತ್ರಿಕೆಯ ಮುಖಪುಟಗಳು, ದೇವರ ಕ್ಯಾಲೆಂಡರ್‌ಗಳನ್ನು ಬರೆದರು. ದೇಶದ ಎಷ್ಟೋ ಮನೆಗಳ ಗೋಡೆಯ ಮೇಲೆ ಅವರ ಚಿತ್ರ ತೂಗಿತ್ತು. ಹೆಸರು ಮಾತ್ರ ಯಾರೂ ಓದಲಿಲ್ಲ. ಕ್ಯಾಲೆಂಡರ್‌ನಲ್ಲಿ ನುಣುಪು, ಮೂಲ ಚಿತ್ರದಲ್ಲಿ ಬ್ರಷ್ಷಿನ ಓಟ. ಪಂಡಿತರ ಮೂಲ ಚಿತ್ರಗಳನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಹತ್ತಿರದಿಂದ ನೋಡಿದ್ದೆ. ಸೀರೆಯ ಮಿಂಚು ಅಂತ ದೂರದಿಂದ ಕಂಡದ್ದು ಹತ್ತಿರದಲ್ಲಿ ಬರೀ ಒಂದು ಬಿಳಿ ಗೀಟು! ಕಾರ್ಲ್ ಅವರೂ ಜಾಹೀರಾತಿನ ಕೆಲಸದಿಂದ ಬಂದವರು ಅನ್ನೋದು ನೆನಪಾಗಿ ಖುಷಿಯಾಯಿತು. ಹೊಟ್ಟೆಪಾಡಿನ ಚಿತ್ರವನ್ನು ಕೀಳಾಗಿ ನೋಡುವ ಚಟ ನಮ್ಮ ಕಲಾವಿದರಲ್ಲಿ ಇದೆ. ಅದು ನನಗೆ ಒಪ್ಪಿಗೆ ಇಲ್ಲ.

ಈಗ ಮಾಳಿಗೆಯ ಕೆಲಸ. ಬಿಳಿ ಟಿಶ್ಯೂ ಬದಲಿಗೆ ಪತಂಗದ, ಅಂದರೆ ಗಾಳಿಪಟದ ಕಾಗದ ತಂದೆ. ಹೊಸ ಅಂಗಿ, ಸೀರೆ, ಬೂಟಿನ ಡಬ್ಬಿಯಲ್ಲಿ ಬರುವ ತೆಳು ಕಾಗದವೂ ನಡೆಯುತ್ತೆ. ಬಣ್ಣ ಮಾತ್ರ ಅಕ್ರಿಲಿಕ್ಕೇ ಇರಲಿ. ಶಾಲೆಯ ಪೋಸ್ಟರ್ ಕಲರ್ ಅಗ್ಗ, ನಿಜ. ಆದರೆ ಅದು ಒಣಗಿದ ಮೇಲೂ ನೀರಿಗೆ ಕರಗುತ್ತೆ, ಅಂಟು ಹಚ್ಚಿದ ಕೂಡಲೇ ಬಣ್ಣ ಎದ್ದು ಪಕ್ಕದ್ದಕ್ಕೆ ಹರಡುತ್ತೆ. ಅಕ್ರಿಲಿಕ್ ಒಣಗಿದರೆ ಪ್ಲಾಸ್ಟಿಕ್ ಪದರದ ಹಾಗೆ ಕೂತುಬಿಡುತ್ತೆ, ಎಷ್ಟು ಒದ್ದೆ ಮಾಡಿದರೂ ಅಲ್ಲಾಡೋದಿಲ್ಲ. ಹರಿಯುವಂಥ ಪತಂಗದ ಕಾಗದಕ್ಕೆ ಅದರಿಂದ ಗಟ್ಟಿತನವೂ ಬರುತ್ತೆ. ಸಣ್ಣ ಬಾಟಲಿ ತರಬೇಡಿ. ಕೆಂಪು, ಹಳದಿ, ನೀಲಿ, ಬಿಳಿ ದೊಡ್ಡದು ತಂದರೆ ಸಾಕು, ಉಳಿದದ್ದನ್ನು ಮಕ್ಕಳೇ ಕಲಸಿಕೊಳ್ಳುತ್ತಾರೆ.

ಕಾಗದದ ಕೆಳಗೆ ಹಳೇ ನ್ಯೂಸ್‌ಪೇಪರ್ ಹಾಸಬೇಡಿ, ಅಂಟಿಕೊಂಡು ಕೂರುತ್ತೆ. ಪ್ಲಾಸ್ಟಿಕ್ ತಾಡಪತ್ರಿ ಹಾಸಿದರೆ ಒಣಗಿದ ಮೇಲೆ ಒಂದು ಮೂಲೆ ಹಿಡಿದು ನಿಧಾನಕ್ಕೆ ಬಿಡಿಸಬಹುದು. ಆ ಬಿಡಿಸೋ ಸದ್ದಿಗೇ ಮಕ್ಕಳು ಜಗಳ ಆಡುತ್ತಾರೆ. ಅಕ್ರಿಲಿಕ್ ಒಂದಿಷ್ಟು ನೀರು ಬೆರೆಸಿ ತೆಳು ಮಾಡಿ. ಮೊದಲು ಒಂದೇ ಬಣ್ಣ ಪೂರ್ತಿ ಬಳಿಯೋದು. ಅದು ಒಣಗಿದ ಮೇಲೆ ಎರಡನೇ ಬಣ್ಣದಲ್ಲಿ ಆಟ. ಕಾರ್ಲ್ ಅವರ ಕಾರ್ಪೆಟ್ ತುಂಡಿನ ಜಾಗಕ್ಕೆ ನಮ್ಮಲ್ಲಿ ತೊಗರಿ ಗೋಣಿ ಚೀಲ ಬಂತು. ಅದನ್ನು ಬಣ್ಣದಲ್ಲಿ ಅದ್ದಿ ಒತ್ತಿದರೆ ನೇಯ್ಗೆಯ ಗುರುತು ಎಷ್ಟು ಚೆಂದ ಮೂಡುತ್ತೆ ಅಂತೀರಿ! ತೊಗರಿ ಕಟ್ಟಿಗೆಯ ತುದಿ ಜಜ್ಜಿದರೆ ಒರಟು ಬ್ರಷ್. ಹಳೇ ಬಾಚಣಿಗೆ ಎಳೆದರೆ ಉಳುಮೆ ಸಾಲು. ಬೆಂಡೆಕಾಯಿ ಕೊಯ್ದು ಒತ್ತಿದರೆ ಹೂವು. ಹಲ್ಲುಜ್ಜುವ ಬ್ರಷ್‌ನಿಂದ ಚಿಮುಕಿಸಿದರೆ ಆಕಾಶ. ಮೆಕ್ಕೆಜೋಳದ ದಿಂಡು ಉರುಳಿಸಿದ್ದು ಒಬ್ಬ ಹುಡುಗನ ಸ್ವಂತ ಐಡಿಯಾ. ನನಗೆ ಹೊಳೆದಿರಲಿಲ್ಲ.

“ಸರ್, ಚಿತ್ರ ಯಾವಾಗ ತಗಿಯೋದ್ರಿ?” ಅಂತ ಕೇಳುತ್ತಲೇ ಇದ್ದರು.

“ಇವತ್ತು ತಗಿಯೋದಿಲ್ಲ. ಬರೀ ಕಾಗದ.”

ಚಿತ್ರ ಇಲ್ಲ ಅಂದ ಮೇಲೆ ತಪ್ಪೂ ಇಲ್ಲ. ರಬ್ಬರ್ ಕೇಳೋರೂ ಇಲ್ಲ.

ನಮ್ಮೂರ ಬಿಸಿಲಿನ ಬಗ್ಗೆ ಒಂದು ಮಾತು. ಮೇ ತಿಂಗಳಲ್ಲಿ 42 ಡಿಗ್ರಿ ದಾಟೋದು ಇಲ್ಲಿ ಸುದ್ದಿಯೇ ಅಲ್ಲ. ಕಾಗದ ಬೇಗ ಒಣಗುತ್ತೆ, ಒಳ್ಳೇದೇ. ಆದರೆ ತಟ್ಟೆಯಲ್ಲಿನ ಬಣ್ಣವೂ ಒಣಗುತ್ತೆ, ಬ್ರಷ್ ಕಲ್ಲಾಗುತ್ತೆ. ಹೀಗಾಗಿ ಬೆಳಗ್ಗೆ ಎಂಟರ ಒಳಗೆ ಬಳಿಯೋದು ಮುಗಿಸಿ. ಬ್ರಷ್ ಕೆಳಗಿಟ್ಟ ಕೂಡಲೇ ನೀರಿನ ಡಬ್ಬಿಗೆ ಹಾಕುವ ರೂಢಿ ಮಾಡಿಸಿ. ಮಾಳಿಗೆಯಲ್ಲಿ ಗಾಳಿ ಇದ್ದರೆ ಅಂಚಿಗೆ ಕಲ್ಲು ಇಡಿ. ಇಲ್ಲದಿದ್ದರೆ ಪತಂಗದ ಕಾಗದ ಪತಂಗದ ಕೆಲಸವನ್ನೇ ಮಾಡುತ್ತೆ.

ಡ್ರಾಯರ್ ಎಲ್ಲಿಂದ ತರೋದು? ಸೀರೆ ಡಬ್ಬಿಗಳೇ ಡ್ರಾಯರ್. ಹಸಿರಿಗೊಂದು, ಕೆಂಪು-ಕಿತ್ತಳೆಗೊಂದು, ನೀಲಿಗೊಂದು, ಕಂದು ಮತ್ತು ಕೊಳಕು ಬಣ್ಣಗಳಿಗೊಂದು. ಕೊಳಕು ಬಣ್ಣದ ಡಬ್ಬಿಯನ್ನು ಬಿಸಾಡಬೇಡಿ. ಎಮ್ಮೆ, ಬಂಡೆ, ಕೋಟೆ ಗೋಡೆ ಎಲ್ಲ ಅದರಿಂದಲೇ ಬಂದವು.

ಅಂಟಿಗೆ ಕಾರ್ಲ್ ವಾಲ್‌ಪೇಪರ್ ಅಂಟು ಬಳಸುತ್ತಿದ್ದರು. ನಮಗೆ ಮೈದಾ ಅಂಟು ಇದೆಯಲ್ಲ. ಒಂದು ಲೋಟ ಮೈದಾ, ನಾಲ್ಕೈದು ಲೋಟ ನೀರು. ತಣ್ಣೀರಿನಲ್ಲೇ ಗಂಟಿಲ್ಲದ ಹಾಗೆ ಕಲಸಿ, ಆಮೇಲೆ ಸಣ್ಣ ಉರಿಯಲ್ಲಿ ಬಿಡದೆ ತಿರುವಬೇಕು. ಬಿಳುಪು ಹೋಗಿ ಗಂಜಿಯ ಹಾಗೆ ಅರೆಪಾರದರ್ಶಕವಾದಾಗ ಇಳಿಸಿ. ಪುಸ್ತಕ ಕಟ್ಟುವವರು ಹುಳ ಹಿಡಿಯದಿರಲಿ ಅಂತ ಇದಕ್ಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ. ಮಕ್ಕಳ ಕೈ ಬಾಯಿಗೆ ಹೋಗುತ್ತೆ, ಆದ್ದರಿಂದ ಅದು ಬೇಡವೇ ಬೇಡ. ದಿನದ್ದು ದಿನಕ್ಕೆ ಮಾಡಿ, ಉಳಿದರೆ ಚೆಲ್ಲಿ. ಅಂಟನ್ನು ದಪ್ಪ ರಟ್ಟಿಗೆ ಹಚ್ಚಿ, ತೆಳು ಕಾಗದಕ್ಕಲ್ಲ.

ಕತ್ತರಿಸುವ ದಿನ ಬಂದಾಗ ಕಂಬಳಿಹುಳ ಮಾಡೋಣ ಅಂದೆ. ತೂತಿನ ಪುಸ್ತಕದ ಕತೆ ಹೇಳಿದೆ. ಕಾರ್ಲ್ ಒಂದು ದಿನ ಸುಮ್ನೆ ಪಂಚಿಂಗ್ ಮಷಿನ್‌ನಿಂದ ಕಾಗದದ ಕಟ್ಟಿಗೆ ತೂತು ಹಾಕುತ್ತಿದ್ದಾಗ ಪುಸ್ತಕದ ಹುಳುವಿನ ನೆನಪಾಗಿ ಆ ಪುಸ್ತಕ ಹುಟ್ಟಿತು ಅಂತಲೂ ಹೇಳಿದೆ. ಎಲ್ಲ ಕೇಳಿ, ಹಳ್ಳಿಯಿಂದ ಅಜ್ಜಿ ಮನೆಗೆ ಬಂದಿದ್ದ ಹುಡುಗಿಯೊಬ್ಬಳು ಅಂದಳು, “ಸರ್, ಈ ಕೀಡಿಗೆ ಎಣ್ಣಿ ಹೊಡಿಬೇಕ್ರಿ.”

ಎಣ್ಣಿ ಅಂದರೆ ನಮ್ಮ ಕಡೆ ಕ್ರಿಮಿನಾಶಕ. ನಕ್ಕುಬಿಟ್ಟೆ. ಅವಳ ಮಾತು ಸರಿಯಾಗಿತ್ತು. 2019ರಲ್ಲಿ ಜಿಐ ಟ್ಯಾಗ್ (ಈ ಊರಿನದ್ದೇ ಬೆಳೆ ಅನ್ನೋ ಸರ್ಕಾರಿ ಗುರುತು) ಪಡೆದ ತೊಗರಿಯ ಊರು ಇದು. ಇಲ್ಲಿ ಹಸಿರು ಹುಳ ಅಂದರೆ ಕಾಯಿಕೊರಕ. ಕಾಯಿಗೆ ದುಂಡಗೆ ತೂತು ಹಾಕಿ ತಲೆ ಒಳಗಿಟ್ಟು ಕಾಳು ತಿನ್ನುತ್ತೆ, ಮೈ ಹೊರಗೇ ಇರುತ್ತೆ. ಅದನ್ನು ನೋಡಿ ಮುದ್ದು ಮಾಡುವ ರೈತನ ಮಗಳು ಎಲ್ಲಿದ್ದಾಳೆ? ಹಾಗಾದರೆ ಅದೇ ಪುಸ್ತಕ ಮಾಡೋಣ ಅಂದೆವು. ಉದ್ದನೆ ರಟ್ಟಿನ ಪಟ್ಟಿಯನ್ನು ಬೀಸಣಿಗೆ ಮಡಿಕೆ ಹಾಕಿ, ಮಡಿಸಿದ ಮೇಲೆ ಎಲ್ಲಕ್ಕೂ ಸೇರಿಸಿ ತೂತು. ಮೊದಲ ಮಡಿಕೆಯಲ್ಲಿ ಹಳದಿ ಹೂವು, ಆಮೇಲೆ ಎಳೇ ಕಾಯಿ, ಬಲಿತ ಕಾಯಿ. ಪ್ರತಿ ಕಡೆ ತೂತಿನಿಂದ ಹುಳ ಇಣುಕುತ್ತೆ. ಕೊನೆಗೆ ಹುಳ ಚಿಟ್ಟೆ ಆಗಬೇಕಾ? ಇದರ ಬಗ್ಗೆ ದೊಡ್ಡ ಚರ್ಚೆ. ಕಾಯಿಕೊರಕ ಆಗೋದು ಮಣ್ಣು ಬಣ್ಣದ ಒಂದು ಪತಂಗ, ಬಣ್ಣದ ರೆಕ್ಕೆಯ ಚಿಟ್ಟೆ ಅಲ್ಲ. ಆ ಹುಡುಗಿ ತನ್ನ ಅಪ್ಪನ ಹೊಲದಲ್ಲಿ ನೋಡಿದ್ದನ್ನೇ ಮಾಡಿದಳು. ಗಿಡ ಅಲ್ಲಾಡಿಸೋದು, ಕೆಳಗೆ ಹಾಸಿದ ತಾಡಪತ್ರಿ ಮೇಲೆ ಹುಳ ಉದುರೋದು. ತಾಡಪತ್ರಿಗೆ ಅವಳು ಆರಿಸಿದ್ದು ನೀಲಿ ಡಬ್ಬಿಯ ಗೋಣಿ ಗುರುತಿನ ಕಾಗದ. ಉಳಿದವರು ಚಿಟ್ಟೆಯನ್ನೇ ಮಾಡಿದರು. ಅದೂ ಚೆನ್ನಾಗಿತ್ತು, ಆದರೆ ನನಗೆ ಅವಳದ್ದೇ ಹಿಡಿಸಿತು.

ಇನ್ನೊಂದು ಸಣ್ಣ ಕೆಲಸ ಬಿದ್ರಿಯದ್ದು. ಪಕ್ಕದ ಬೀದರಿನಲ್ಲಿ ಸತುವಿಗೆ ಒಂದಿಷ್ಟು ತಾಮ್ರ ಸೇರಿಸಿ ಎರಕ ಹೊಯ್ದು, ಕೊರೆದ ಗೆರೆಯಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪು ಬರಿಸುತ್ತಾರೆ. ಬೆಳ್ಳಿ ಮಾತ್ರ ಹೊಳೆಯುತ್ತಾ ಉಳಿಯುತ್ತೆ. ಕಾಗದದಲ್ಲಿ ಮಾಡೋದು ಸುಲಭ. ಕಪ್ಪು ಚಾರ್ಟ್ ಶೀಟ್ ಮಡಚಿ ಬಳ್ಳಿ ಕತ್ತರಿಸಿ, ಹಿಂದೆ ಅಡಿಗೆ ಮನೆಯ ಅಲ್ಯೂಮಿನಿಯಂ ಹಾಳೆ ಅಂಟಿಸಿ. ಹೊಳಪು ಒಳಗಿನಿಂದಲೇ ಬಂದ ಹಾಗೆ ಕಾಣುತ್ತೆ. ಕಪ್ಪಿನ ಮೇಲೆ ಬೆಳ್ಳಿ ಪೆನ್ನಿಂದ ಬರೆದರೆ ಆ ಗುಣ ಬರೋದಿಲ್ಲ.

ರಜೆ ಮುಗಿದ ಮೇಲೂ ಡಬ್ಬಿಗಳಲ್ಲಿ ಕಾಗದ ಉಳಿದಿದೆ. ದಸರಾ ರಜೆಗೆ ಹೊಸದೇನೂ ಬಳಿಯೋದು ಬೇಡ, ಇರೋದನ್ನೇ ಕತ್ತರಿಸೋಣ ಅಂತ ಅಂದುಕೊಂಡಿದ್ದೀನಿ. ಮಕ್ಕಳು ಒಪ್ಪುವ ಲಕ್ಷಣ ಇಲ್ಲ. ಅವರಿಗೆ ಬಳಿಯೋದೇ ಬೇಕು. ತಾಯಂದಿರದು ಬೇರೆ ಪ್ರಶ್ನೆ. “ಇದರಿಂದ ಡ್ರಾಯಿಂಗ್ ಗ್ರೇಡ್ ಪರೀಕ್ಷಾಕ್ಕ ಉಪಯೋಗ ಆಗ್ತದೇನ್ರಿ ಸರ್?” ಆಗೋದಿಲ್ಲ ಅಂತ ಹೇಳಿಬಿಟ್ಟಿದ್ದೀನಿ. ಕಳಿಸುವವರು ಹೇಗೂ ಕಳಿಸುತ್ತಾರೆ, ಮನೆಯಲ್ಲಿ ಹಳೇ ಸೀರೆ ಡಬ್ಬಿ ಇದ್ದರೆ ಜೊತೆಗೆ ಕಳಿಸಿ ಅಂತಲೂ ಹೇಳಿದ್ದೀನಿ.