ಹಾರ್ಟ್ ಅಟ್ಯಾಕ್ ಆದವರು ಮತ್ತೆ ಸಿಗರೇಟು ಹಚ್ಚದಂತೆ ನೋಡಿಕೊಳ್ಳುವುದು ಹೇಗೆ?

ಮೈಸೂರಿನಲ್ಲಿ ಹೃದಯದ ರಕ್ತನಾಳ ತೆರೆದಿಡುವ ಸ್ಟೆಂಟ್ ಹಾಕಿಸಿಕೊಂಡು ಮಡಿಕೇರಿಗೋ ವಿರಾಜಪೇಟೆಗೋ ಹೊರಡುವ ಹೊತ್ತಿಗೆ, ಎಂಥ ಚಟ ಇದ್ದವರೂ ಕೆಲವು ದಿನ ಸಿಗರೇಟು ಮುಟ್ಟಿರುವುದಿಲ್ಲ. ಐಸಿಯುನಲ್ಲಿ ಸೇದಲು ಯಾರು ಬಿಡುತ್ತಾರೆ? ನಿಕೋಟಿನ್ ಸಿಗದ ಸಂಕಟ ಮೊದಲ ಎರಡು–ಮೂರು ದಿನವೇ ಜಾಸ್ತಿ. ಅದು ಆಸ್ಪತ್ರೆಯಲ್ಲೇ ಕಳೆದುಹೋಗಿರುತ್ತದೆ. ಸೇದದೆ ಇರುವುದನ್ನು ಹಾಗೇ ಉಳಿಸಿಕೊಳ್ಳುವುದರಲ್ಲಿ ಮನೆಯವರ ಕೈ ದೊಡ್ಡದು.

ಕೆಲಸ ಡಿಸ್ಚಾರ್ಜ್‌ಗೆ ಮುಂಚೆಯೇ ಶುರುವಾಗಬೇಕು. ಬೀಡಿ ಕಟ್ಟು, ಪ್ಯಾಕೆಟ್, ಲೈಟರ್, ಆಶ್‌ಟ್ರೇ ಎಲ್ಲವನ್ನೂ ಮನೆಯಿಂದ ತೆಗೆದುಬಿಡಿ. ಜೀಪಿನ ಡ್ಯಾಶ್‌ಬೋರ್ಡ್, ಜರ್ಕಿನ್ ಜೇಬು, ತೋಟದ ಸ್ಟೋರ್ ರೂಮು ಮರೆಯಬೇಡಿ. ಬರುವ ದಾರಿಯಲ್ಲಿ ಹುಣಸೂರಿನಲ್ಲೋ ಕುಶಾಲನಗರದಲ್ಲೋ ಅಂಗಡಿ ಮುಂದೆ ಕಾರು ನಿಲ್ಲಿಸುವ ಬದಲು ಫ್ಲಾಸ್ಕ್ ಇಟ್ಟುಕೊಂಡು ಹೋಗಿ.

ಯಾಕೆ ಬಿಡಬೇಕು ಎಂಬುದನ್ನು ಡಾಕ್ಟರ ಬಾಯಿಂದಲೇ ಹೇಳಿಸಿ. ಹೊಗೆ ರಕ್ತ ಬೇಗ ಹೆಪ್ಪುಗಟ್ಟುವಂತೆ ಮಾಡುತ್ತದೆ, ಹೊಸ ಸ್ಟೆಂಟ್‌ಗೆ ಅದೇ ದೊಡ್ಡ ಅಪಾಯ. ಹೃದಯಾಘಾತದ ನಂತರ ಪೂರ್ತಿ ಬಿಟ್ಟವರಲ್ಲಿ ಸಾವಿನ ಅಪಾಯ ಸುಮಾರು ಮೂರನೇ ಒಂದರಷ್ಟು ಇಳಿಯುತ್ತದೆ. 'ದಿನಕ್ಕೆ ಒಂದೇ ಸೇದುತ್ತೇನೆ' ಎಂಬ ರಾಜಿಗೆ ದಯವಿಟ್ಟು ಒಪ್ಪಬೇಡಿ. ದಿನಕ್ಕೆ 20 ಸೇದುವವರ ಹೃದಯಕ್ಕೆ ಬರುವ ಹೆಚ್ಚುವರಿ ಅಪಾಯದಲ್ಲಿ ಸುಮಾರು ಅರ್ಧ, ಒಂದೇ ಸೇದುವವರಿಗೂ ಇರುತ್ತದೆ. ಬೀಡಿಗೆ ಇಳಿದರೂ ಲಾಭವಿಲ್ಲ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕಿಕೊಂಡರೂ ನಿಕೋಟಿನ್ ಅದೇ ಅಲ್ವಾ?

ಇನ್ನು ಕಾಫಿ. ಕೊಡಗಿನ ಮನೆಗಳಲ್ಲಿ ಇದನ್ನು ಜಾಸ್ತಿ ಗಮನಿಸಬೇಕು. ತುಂಬಾ ಜನರಿಗೆ ಬೆಳಗಿನ ಕಾಫಿ ಮತ್ತು ಮೊದಲ ಸಿಗರೇಟು ಜೋಡಿ. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಹೊಗೆ ಒಳಗೆ ಹೋಗುತ್ತಿರುವಾಗ ಲಿವರ್ ಕೆಫೀನನ್ನು ಬೇಗ ಬೇಗ ಕರಗಿಸುತ್ತಿರುತ್ತದೆ. ಸೇದುವುದು ನಿಂತ ಮೇಲೆ ಆ ವೇಗ ಇಳಿಯುತ್ತದೆ. ಕುಡಿಯುವ ಕಾಫಿ ಅಷ್ಟೇ ಇದ್ದರೂ ಮೈಯಲ್ಲಿ ಕೆಫೀನ್ ಜಾಸ್ತಿ ಹೊತ್ತು ಉಳಿಯುತ್ತದೆ. ಕೈ ನಡುಕ, ಎದೆ ಡವಡವ, ನಿದ್ದೆ ಇಲ್ಲ. 'ಸಿಗರೇಟು ಬಿಟ್ಟಿದ್ದಕ್ಕೇ ಹೀಗೆ' ಎಂದುಕೊಂಡು ಮತ್ತೆ ಹಚ್ಚುವವರಿದ್ದಾರೆ. ಮನೆಗೆ ಬಂದ ದಿನದಿಂದಲೇ ಕಾಫಿ ಅರ್ಧಕ್ಕೆ ಇಳಿಸಿ. ಸಂಜೆ ಮೇಲೆ ಬೇಡ. ಕುಡಿಯುವ ಜಾಗವನ್ನೂ ಬದಲಿಸಿ: ಜಗಲಿಯಲ್ಲಿ ಕೂತು ಸೇದುತ್ತಿದ್ದರೆ ಕಾಫಿಯನ್ನು ಅಡುಗೆಮನೆಯಲ್ಲೇ ಕೊಡಿ. ಎದೆ ಡವಡವ ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ. ಎದೆನೋವು ಬಂದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಸೇದುವ ಆಸೆ ತಗ್ಗಿಸಲು ಜಗಿಯುವ ನಿಕೋಟಿನ್ ಗಮ್ ಶುರುಮಾಡುವ ಮುಂಚೆ ಹೃದಯದ ಡಾಕ್ಟರನ್ನು ಕೇಳಿ, ಅದರಲ್ಲೂ ಅಟ್ಯಾಕ್ ಆಗಿ ಎರಡು ವಾರ ದಾಟಿಲ್ಲದಿದ್ದರೆ. ಅದನ್ನು ಬಬಲ್‌ಗಮ್ ತರಹ ಜಗಿಯಬಾರದು. ನಿಧಾನಕ್ಕೆ ಜಗಿದು, ಬಾಯಿ ಚುರುಗುಟ್ಟಿದಾಗ ಕೆನ್ನೆ ಮತ್ತು ಒಸಡಿನ ನಡುವೆ ಇಡಬೇಕು. ಚುರುಕು ಹೋದ ಮೇಲೆ ಮತ್ತೆ ಜಗಿಯಬೇಕು. ಹೀಗೆ ಅರ್ಧ ಗಂಟೆ. ಗಮ್ ಹಾಕುವ 15 ನಿಮಿಷ ಮುಂಚೆ ಮತ್ತು ಅದು ಬಾಯಲ್ಲಿರುವಾಗ ಕಾಫಿ ಕುಡಿದರೆ ನಿಕೋಟಿನ್ ಸರಿಯಾಗಿ ಸೇರುವುದಿಲ್ಲ. ಗಮ್ ಸಾಲದಿದ್ದರೆ ಮಾತ್ರೆಗಳೂ ಇವೆ, ಡಾಕ್ಟರು ಬರೆದುಕೊಟ್ಟರೆ ಮಾತ್ರ.

ಸೇದಬೇಕೆಂಬ ಆಸೆ ಒಮ್ಮೆ ಎದ್ದರೆ ಸಾಮಾನ್ಯವಾಗಿ ಐದು ನಿಮಿಷದಲ್ಲಿ ಇಳಿಯುತ್ತದೆ. ಆ ಹೊತ್ತಿಗೆ ಒಂದು ಲೋಟ ನೀರು, ನಾಲ್ಕು ಏಲಕ್ಕಿ, ಅಂಗಳದಲ್ಲಿ ಒಂದು ಸುತ್ತು ಸಾಕು. ಮಳೆಗಾಲದಲ್ಲಿ ಕಷ್ಟ ಜಾಸ್ತಿ. ಹೊರಗೆ ಕಾಲಿಡಲಾಗದ ದಿನಗಳಲ್ಲಿ ಕೈಗೆ ಏನಾದರೂ ಕೆಲಸ ಕೊಡಿ: ಕಾಳುಮೆಣಸು ಆರಿಸುವುದಿರಲಿ, ತೋಟದ ಲೆಕ್ಕ ಬರೆಯುವುದಿರಲಿ. ಈ ವಾರಗಳಲ್ಲಿ ಸಿಡುಕು ಸಹಜ. ತಿರುಗಿ ಬೈಯಬೇಡಿ.

ಮದುವೆ, ಪುತ್ತರಿ ಹಬ್ಬ, ಹಾಕಿ ಪಂದ್ಯದ ಗುಂಪಿನಲ್ಲಿ ಕೈಗೆ ಗ್ಲಾಸ್ ಬಂದರೆ ಸಿಗರೇಟೂ ಬರುತ್ತದೆ. ಮೊದಲ ಕೆಲವು ತಿಂಗಳು ಒಬ್ಬರೇ ಹೋಗದಿರಲಿ. 'ಇವರಿಗೆ ಕೊಡಬೇಡಿ' ಎಂದು ಗೆಳೆಯರಿಗೆ ಮುಂಚೆಯೇ ಫೋನ್ ಮಾಡಿ ಹೇಳಿ. ಮನೆಯಲ್ಲಿ ಸೇದುವ ಮಗನೋ ತಮ್ಮನೋ ಇದ್ದರೆ ಅವರೂ ಜೊತೆಯಲ್ಲೇ ಬಿಡಲಿ. ಅವರು ಬಿಡುವ ಹೊಗೆಯೂ ಈ ಹೃದಯಕ್ಕೆ ಕೆಟ್ಟದ್ದೇ.

ಎಲ್ಲೋ ಒಂದು ಸೇದಿಬಿಟ್ಟರೆ ಎಲ್ಲಿ, ಯಾರ ಜೊತೆ, ಯಾವ ಹೊತ್ತಿನಲ್ಲಿ ಎಂದು ಸಮಾಧಾನವಾಗಿ ಕೇಳಿ, ಆ ಜಾಗ ತಪ್ಪಿಸಿ. ತಂಬಾಕು ಬಿಡುವವರಿಗಾಗಿಯೇ ಇರುವ ಉಚಿತ ಸಹಾಯವಾಣಿ 1800-11-2356. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಮೊದಲ ಸಲ ನೀವೇ ನಂಬರ್ ಒತ್ತಿ, ಫೋನ್ ಅವರ ಕೈಗೆ ಕೊಡಿ.