ಟ್ಯೂಬಿನ ಹಸಿರು ಮುಟ್ಟದೆ ಮಂಡ್ಯದ ಬಯಲು ಬರೆಯೋದು

ಅಮೂರ್ತ ಚಿತ್ರ ಅಂದ್ರೆ ತೋಚಿದ ಬಣ್ಣ ಎರಚೋದು ಅಂದ್ಕೊಂಡೇ ಹೆಚ್ಚಿನವರು ನನ್ನ ಭಾನುವಾರದ ತರಗತಿಗೆ ಬರ್ತಾರೆ. ನಾನು ಅವರ ಕೈಗೆ ಬ್ರಷ್ ಕೊಡೋಕೆ ಮುಂಚೆ ಪಾಂಡವಪುರದ ಕುಂತಿಬೆಟ್ಟ ಹತ್ತಿಸ್ತೀನಿ. ಮೇಲಿಂದ ನೋಡಿದ್ರೆ ಗದ್ದೆ, ಕಬ್ಬು, ತೆಂಗಿನ ತೋಟ ಎಲ್ಲಾ ಬರೀ ಬಣ್ಣದ ತುಂಡುಗಳು. ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ನೀರು ಬಿಟ್ಟು ನಾಟಿ ನಡೆಯೋ ಹೊತ್ತಲ್ಲಿ ಹೋದ್ರೆ ಇನ್ನೂ ಚೆನ್ನ, ಗದ್ದೆ ನೀರಲ್ಲಿ ಆಕಾಶವೂ ಬಿದ್ದಿರುತ್ತೆ.

ಕಣ್ಣು ಅರ್ಧ ಮುಚ್ಚಿ ನೋಡಿ. ಎಲೆ, ಹುಲ್ಲು ಮಾಯವಾಗಿ ನಾಲ್ಕೈದು ಆಕಾರ ಉಳಿಯುತ್ತೆ. ಅಷ್ಟನ್ನೇ ಅಂಗೈಯಗಲದ ಚೌಕದಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕ್ಕೊಳ್ಳಿ. ಫೋಟೋ ಬೇಡ, ಅದನ್ನ ಮುಂದಿಟ್ಕೊಂಡು ಕೂತ್ರೆ ಬಿಟ್ಟ ಎಲೆಗಳೆಲ್ಲ ವಾಪಸ್ ಬಂದ್ಬಿಡ್ತವೆ.

ಮನೆಗೆ ಬಂದು ಇಡೀ ಕ್ಯಾನ್ವಾಸ್ ಬೋರ್ಡಿಗೆ ನೀರು ಬೆರೆಸಿದ ಬರ್ಂಟ್ ಸಿಯೆನ್ನಾ, ಅಂದ್ರೆ ಕೆಂಪು ಮಿಶ್ರಿತ ಕಂದು ಅಕ್ರಿಲಿಕ್ ಬಣ್ಣ, ಬಳಿದು ಒಣಗಿಸಿ. ಕ್ಷಿತಿಜದ ಗೆರೆ ತೀರಾ ಮೇಲಿರಲಿ, ನಮಗೆ ಬೇಕಿರೋದು ನೆಲ.

ಇನ್ನು ಹಸಿರು. ಅಕ್ರಿಲಿಕ್ ಟ್ಯೂಬಿನ ಹಸಿರನ್ನ ಹಾಗೇ ಬಳಿದ್ರೆ ಬಯಲು ಪ್ಲಾಸ್ಟಿಕ್ ಹೂಕುಂಡದ ಥರ ಕಾಣುತ್ತೆ. ಅಲ್ಟ್ರಾಮರೀನ್ ನೀಲಿ, ಲೆಮನ್ ಹಳದಿ, ಬರ್ಂಟ್ ಸಿಯೆನ್ನಾ, ಬಿಳಿ, ಇಷ್ಟೇ ಸಾಕು. ಎಳೆ ಪೈರಿಗೆ ಹಳದಿ ಧಾರಾಳ, ನೀಲಿ ಬ್ರಷ್ ತುದಿಯಷ್ಟು. ತೆಂಗಿನ ತೋಟಕ್ಕೆ ನೀಲಿ ಜಾಸ್ತಿ. ಕಬ್ಬು ಬೇರೆಯೇ: ಅದಕ್ಕೆ ಬಿಳಿ ಸೇರಿಸಿ, ಒಂದು ಹನಿ ಸಿಯೆನ್ನಾ ಹಾಕಿ, ಹಸಿರಿನ ಜೋರು ಇಳಿಸ್ಬೇಕು. ಸೂಲಂಗಿ (ಕಬ್ಬಿನ ಹೂ) ಬಂದಿದ್ರೆ ಬರೀ ಬಿಳಿಗೆ ಸಿಯೆನ್ನಾ, ನೀಲಿ ಸೋಕಿಸಿದ್ರೆ ಆಯ್ತು. ಬೆಟ್ಟದ ಬಂಡೆಗೂ ಕಪ್ಪು ಕೊಳ್ಳೋದು ಬೇಡ, ನೀಲಿ ಸಿಯೆನ್ನಾ ಕಲಸಿದ್ರೆ ಆ ಬೂದು ತಾನೇ ಬರುತ್ತೆ. ಅಕ್ರಿಲಿಕ್ ಒಣಗಿದ ಮೇಲೆ ಸ್ವಲ್ಪ ಗಾಢವಾಗೋದ್ರಿಂದ ಚೂರು ಕಾಗದದ ಮೇಲೆ ಹಚ್ಚಿ ಒಣಗಿಸಿ ನೋಡಿ.

ಅಗಲದ ಬ್ರಷ್‌ನಲ್ಲಿ ತುಂಡು ತುಂಡಾಗಿ ಬಣ್ಣ ಹಾಕ್ತಾ ಹೋಗಿ, ಆದ್ರೆ ಒಂದರ ಅಂಚು ಇನ್ನೊಂದಕ್ಕೆ ತಾಗಿಸ್ಬೇಡಿ. ನಡುವೆ ಇಣುಕೋ ಸಿಯೆನ್ನಾನೇ ಗದ್ದೆಯ ಬದು. ಅದನ್ನ ಗೆರೆ ಎಳೆದು ಬರೆದ್ರೆ ನಕಾಶೆ ಆಗುತ್ತೆ, ಚಿತ್ರ ಆಗಲ್ಲ. ನಾಲೆ ಬೇಕಾದ್ರೆ ಬಣ್ಣ ಹಸಿಯಿರುವಾಗ ಹಳೇ ಎಟಿಎಂ ಕಾರ್ಡ್‌ನಿಂದ ಒಂದೇ ಸಲ ಕೆರೆದುಬಿಡಿ.

ಕೊನೇಲಿ ಎಲ್ಲರಿಗೂ ಒಂದು ತೆಂಗಿನಮರ ಬಿಡಿಸೋ ಆಸೆ ಬರುತ್ತೆ. ನಾನಂತೂ ಬಿಡಲ್ಲ. ಬೋರ್ಡನ್ನ ತಲೆಕೆಳಗು ಮಾಡಿ ದೂರ ನಿಲ್ಲಿ. ಯಾವ ತುಂಡು ಎದ್ದು ಕಿರುಚ್ತಿದೆಯೋ ಅದರ ಮೇಲೆ ತೆಳು ನೀಲಿ ಎಳೆದು ಅಡಗಿಸಿ, ಆಮೇಲೆ ಸಹಿ ಹಾಕಿ.